ಮಗುವಿನ ತೂಕ ಎಲ್ಲಿ ನಿರ್ಧಾರವಾಗುತ್ತದೆ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ. ಲೇಖಕರು 2005ರ ಎಸ್ಸೆಸ್ಸೆಲ್ಸಿ ತಂಡದವರು, ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ಯುವಕರಿಗೆ ಅವಕಾಶಗಳು’. ಅದನ್ನು ಊಟದ ಹೊತ್ತಿನಲ್ಲಿ ಯಾರು ಕೇಳಿದರೂ ಹೇಳುತ್ತೇನೆ. ಈ ಇಪ್ಪತ್ತು ನಿಮಿಷ ಮಕ್ಕಳ ಅಪೌಷ್ಟಿಕತೆಯ ಬಗ್ಗೆ ಮಾತನಾಡುತ್ತೇನೆಂದು ಅವರ ಅನುಮತಿ ಪಡೆದಿದ್ದೇನೆ. ಡಾಕ್ಟರ್ ಹೇಳಬೇಕಾದ ಮಾತನ್ನು ಎಂಜಿನಿಯರ್ ಏಕೆ ಹೇಳುತ್ತಿದ್ದಾನೆ ಎಂದು ನಿಮಗನ್ನಿಸಬಹುದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಈ ವರ್ಷ ಐವತ್ತು ತುಂಬಿದ್ದು ನಮ್ಮ ಶಾಲೆಗೆ ಮಾತ್ರವಲ್ಲ. ಶಾಲೆ ಆರಂಭವಾದ 1975ರಲ್ಲೇ, ಅಕ್ಟೋಬರ್ 2ರಂದು, ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೂ ಪ್ರಾಯೋಗಿಕವಾಗಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ನಾವೆಲ್ಲ ಆಡಿ ಬೆಳೆದ ಅಂಗನವಾಡಿ ಹುಟ್ಟಿದ್ದು ಹಾಗೆ. ಅಂದರೆ ಅಂಗನವಾಡಿಗೂ ಈಗ ಸುವರ್ಣ ವರ್ಷ. ಅಲ್ಲಿ ತೂಗಿದ ಮಕ್ಕಳೇ ಮುಂದೆ ಈ ಶಾಲೆಯ ಬೆಂಚಿಗೆ ಬರುತ್ತಾರೆ.

ಎರಡನೆಯ ಕಾರಣ ನನ್ನ ಮನೆಯದು. ನನ್ನ ತಂಗಿಯೂ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿಯವರೆಗೆ ಓದಿದಳು. ಅವಳ ಕತೆಯನ್ನು ಅವಳನ್ನು ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ. “ಹೇಳಣ್ಣ, ಮುಂದಿನ ಹುಡುಗ್ಯಾರಿಗಾದ್ರೂ ತಿಳೀಲಿ” ಅಂದಳು.

2007ರಲ್ಲಿ ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಊರಿಗೆ ಊರೇ ಸಂಭ್ರಮಪಟ್ಟಿತು. ಇದೇ ಅಂಗಳದಲ್ಲಿ ನನಗೆ ಹಾರ ಹಾಕಿದ್ದರು. ಅದೇ ವರ್ಷ ತಂಗಿ ಶಾಲೆ ಬಿಟ್ಟಳು. ಇಬ್ಬರನ್ನೂ ಓದಿಸಲು ಆಗದು ಎಂದು ಅಪ್ಪ ಹೇಳಿದ್ದು ಸುಳ್ಳಲ್ಲ, ಆದರೆ ಯಾರು ಬಿಡಬೇಕು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಎರಡು ವರ್ಷಕ್ಕೆ, ಹದಿನೇಳು ತುಂಬಿದಾಗ, ಅವಳ ಮದುವೆಯಾಯಿತು. ನಾನು ಹಾಸ್ಟೆಲ್‌ನಿಂದ ಎರಡು ದಿನ ರಜೆ ಹಾಕಿ ಬಂದು ಅಕ್ಷತೆ ಹಾಕಿ ಹೋದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅಪ್ಪ ಈಗಿಲ್ಲ, ಅವರ ಮೇಲೆ ತಪ್ಪು ಹೊರಿಸಲು ಈ ಮಾತು ಹೇಳುತ್ತಿಲ್ಲ. ಸುಮ್ಮನಿದ್ದವನು ನಾನು.

ಮರು ವರ್ಷ ಅವಳಿಗೆ ಹೆಣ್ಣು ಮಗುವಾಯಿತು. ಹುಟ್ಟಿದಾಗ ತೂಕ ಎರಡು ಕೆ.ಜಿ. ನೂರು ಗ್ರಾಂ. ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. ಆರು ತಿಂಗಳವರೆಗೆ ಎದೆಹಾಲು ಕುಡಿದು ಮಗು ತಕ್ಕಮಟ್ಟಿಗೆ ಸುಧಾರಿಸಿತ್ತು. ಆ ವರ್ಷ ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ಏಳು ತಿಂಗಳ ಕೂಸು ಅಜ್ಜಿಯ ಹತ್ತಿರ ಉಳಿಯಿತು. ನೀರು ಬೆರೆಸಿದ ಹಾಲು, ಅನ್ನದ ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು. ತಿಂಗಳಿಗೊಮ್ಮೆ ಭೇದಿ. ಭೇದಿಯಾದಾಗ “ಹೊಟ್ಟಿ ಕೆಟ್ಟೈತಿ” ಎಂದು ಅದೂ ಬಂದ್. ಅಜ್ಜಿಗೆ ಮಗುವಿನ ಮೇಲೆ ಪ್ರೀತಿ ಇರಲಿಲ್ಲ ಎಂದುಕೊಳ್ಳಬೇಡಿ. ತನ್ನ ಪಾಲಿನ ಹಾಲನ್ನೂ ಮೊಮ್ಮಗಳಿಗೇ ಕುಡಿಸಿದವಳು ಆಕೆ. ಏನು ಕೊಡಬೇಕೆಂದು ಆಕೆಗೆ ಹೇಳಿಕೊಟ್ಟವರಿರಲಿಲ್ಲ.

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನಾನು ಕೊನೆಯ ಪರೀಕ್ಷೆ ಮುಗಿಸಿ ಬಂದೆ. ಸ್ಕಾಲರ್‌ಶಿಪ್ ದುಡ್ಡಿನಲ್ಲಿ ಒಂದು ಫ್ರಾಕು, ಟಿ.ವಿ. ಜಾಹೀರಾತಿನಲ್ಲಿ ಬರುವಂಥ ಪುಡಿಯ ಡಬ್ಬಿ ತಂದಿದ್ದೆ. ಫ್ರಾಕು ಎರಡು ಪಾಲು ದೊಡ್ಡದಾಯಿತು. ಅಂಗನವಾಡಿ ಕಾರ್ಯಕರ್ತೆ ಬಂದವರು ಮಗುವಿನ ತೋಳಿಗೆ ಒಂದು ಪಟ್ಟಿ ಸುತ್ತಿದರು. ಆ ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು. ಬಂದದ್ದು ಕೆಂಪೇ. ತೂಕ ಆರು ಕೆ.ಜಿ. ಇನ್ನೂರು ಗ್ರಾಂ. ಒಂದು ವರ್ಷದ ಹೆಣ್ಣು ಮಗು ಸಾಮಾನ್ಯವಾಗಿ ಒಂಬತ್ತು ಕೆ.ಜಿ.ಯ ಆಸುಪಾಸು ಇರಬೇಕು. ನನ್ನ ಡಬ್ಬಿ ನೋಡಿ ಆ ತಾಯಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಈ ಡಬ್ಬಿ ದುಡ್ಡಿಗೆ ಎಷ್ಟು ತತ್ತಿ ಬರ್ತಾವ ಲೆಕ್ಕ ಹಾಕಪ್ಪ. ನೀ ಎಂಜಿನಿಯರ್ ಅಲ್ಲೇನು?”

ಮಗುವನ್ನು ಎರಡು ವಾರ ಆಸ್ಪತ್ರೆಯಲ್ಲಿಟ್ಟುಕೊಂಡರು. ಬದುಕಿತು. ತೂಕ ಬಂತು. ಈಗ ಆಕೆಗೆ ಹದಿನೈದು, ಬೇರೆ ಊರಿನಲ್ಲಿ ಓದುತ್ತಿದ್ದಾಳೆ, ಜಾಣೆ. ಆದರೆ ಆ ಒಂದು ವರ್ಷದಲ್ಲಿ ಕಳೆದುಹೋದ ಎತ್ತರ ಪೂರ್ತಿ ಬರಲಿಲ್ಲ. ತರಗತಿಯ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವಳು ಅವಳೇ.

ಬಂಧುಗಳೇ, ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಯಾವುದಾದರೂ ಕೆಟ್ಟು ನಿಂತರೆ ಪರದೆಯ ಮೇಲೆ ಕೊನೆಯ ತಪ್ಪು ಮಾತ್ರ ಕಾಣುತ್ತದೆ. ಅದನ್ನಷ್ಟೇ ಸರಿಪಡಿಸಿದರೆ ನಾಳೆ ಮತ್ತೆ ಕೆಡುತ್ತದೆ. ಹಾಗಾಗಿ ಹಿಂದೆ ಹಿಂದೆ ಹೋಗಿ ಎಲ್ಲಿ ಶುರುವಾಯಿತೆಂದು ಹುಡುಕಬೇಕು. ನನ್ನ ಸೋದರಸೊಸೆಯ ವಿಷಯದಲ್ಲಿ ನಾನು ಅದನ್ನೇ ಮಾಡಿದೆ. ಮಗು ಸೊರಗಿತು. ಏಕೆ? ಊಟ ಸಾಲಲಿಲ್ಲ, ಮೇಲೆ ಮೇಲೆ ಭೇದಿ. ಏಕೆ? ತಾಯಿ ಹತ್ತಿರವಿರಲಿಲ್ಲ, ನೀರು ಚೊಕ್ಕಟವಿರಲಿಲ್ಲ, ಏನು ಉಣಿಸಬೇಕೆಂಬ ತಿಳಿವಳಿಕೆ ಇರಲಿಲ್ಲ. ತಾಯಿ ಏಕೆ ಹೋದಳು? ಎರಡು ಎಕರೆ ಒಣಭೂಮಿ, ಸಾಲ. ಹುಟ್ಟುವಾಗಲೇ ಮಗು ಏಕೆ ಸಣ್ಣದಿತ್ತು? ತಾಯಿಗೆ ಹದಿನೆಂಟು ವರ್ಷ, ನಲವತ್ತು ಕೆ.ಜಿ. ತೂಕ, ಮೈಯಲ್ಲಿ ರಕ್ತವಿಲ್ಲ. ಅದು ಏಕೆ? ಓದು ಬಿಡಿಸಿ ಮದುವೆ ಮಾಡಿದ್ದೆವು. ಹುಡುಕಿಕೊಂಡು ಹೋದವನು ಬಂದು ನಿಂತದ್ದು ಈ ಶಾಲೆಯ ಒಂಬತ್ತನೇ ತರಗತಿಯ ಒಂದು ಖಾಲಿ ಜಾಗದ ಮುಂದೆ.

ಇದು ನನ್ನೊಬ್ಬನ ಮನೆಯ ಕತೆಯಾಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 2021ರವರೆಗೆ ನಡೆಯಿತು. ಅದರ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35.5 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 19.3 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಬಡಕಲಾದವರು. ಕರ್ನಾಟಕದ್ದೂ ಹೆಚ್ಚು ಕಡಿಮೆ ಅದೇ ಲೆಕ್ಕ: 35.4 ಮತ್ತು 19.5. ಐಟಿ ರಾಜಧಾನಿಯಿರುವ ರಾಜ್ಯ ಈ ವಿಷಯದಲ್ಲಿ ದೇಶದ ಸರಾಸರಿಯಲ್ಲೇ ನಿಂತಿದೆ. ನಮ್ಮ ಕಲ್ಯಾಣ ಕರ್ನಾಟಕದಲ್ಲಂತೂ ಪರಿಸ್ಥಿತಿ ರಾಜ್ಯದ ಸರಾಸರಿಗಿಂತ ಕೆಟ್ಟದು. ತೊಗರಿಯ ಕಣಜ ಕಲಬುರಗಿ, ಭತ್ತದ ಕಣಜ ಸಿಂಧನೂರು, ಗಂಗಾವತಿ. ಕಣಜ ಇರುವ ಸೀಮೆಯಲ್ಲೇ ಮಕ್ಕಳು ಸೊರಗುತ್ತಿದ್ದಾರೆ ಎಂದರೆ ಕಾಳು ಬೆಳೆಯುವುದಕ್ಕೂ ಕೂಸು ಬೆಳೆಯುವುದಕ್ಕೂ ನಡುವೆ ಬಹಳ ದೂರವಿದೆ ಎಂದರ್ಥ.

ಕೆಲವರು ಹೇಳುತ್ತಾರೆ: “ನಮ್ಮ ಕುಲವೇ ಗಿಡ್ಡ, ಮಕ್ಕಳು ಎಲ್ಲಿಂದ ಎತ್ತರ ಆಗ್ತಾವ?” ಇದಕ್ಕೆ ಉತ್ತರ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಸುಮಾರು ಎಂಟೂವರೆ ಸಾವಿರ ಮಕ್ಕಳನ್ನು ಅಳೆಯಿತು. ಎದೆಹಾಲು, ಸರಿಯಾದ ಊಟ, ಸ್ವಚ್ಛ ಪರಿಸರ, ಲಸಿಕೆ ಸಿಕ್ಕ ಮಕ್ಕಳು ಮೊದಲ ಐದು ವರ್ಷ ಎಲ್ಲ ದೇಶದಲ್ಲೂ ಬಹುಮಟ್ಟಿಗೆ ಒಂದೇ ರೀತಿ ಬೆಳೆದರು. 2006ರಲ್ಲಿ ಬಂದ ಬೆಳವಣಿಗೆಯ ಮಾನದಂಡ ನಿಂತಿರುವುದು ಆ ಅಳತೆಯ ಮೇಲೆ. ದೆಹಲಿಯ ಕೂಸು ನಾರ್ವೆಯ ಕೂಸಿನಂತೆ ಬೆಳೆಯಬಲ್ಲದಾದರೆ ನಮ್ಮೂರಿನ ಕೂಸೂ ಬೆಳೆಯಬಲ್ಲದು. ಕುಲದ ಮೇಲೆ ಭಾರ ಹಾಕಿ ನಾವು ತಪ್ಪಿಸಿಕೊಳ್ಳುವಂತಿಲ್ಲ.

ಇನ್ನು ಕೆಲವರು “ಎಲ್ಲಕ್ಕೂ ಬಡತನವೇ ಕಾರಣ” ಅನ್ನುತ್ತಾರೆ. ಅರ್ಧ ನಿಜ. ಅದೇ ಸಮೀಕ್ಷೆಯಲ್ಲಿ ಅತಿ ಬಡ ಮನೆಗಳ ಮಕ್ಕಳಲ್ಲಿ ಶೇ. 46ರಷ್ಟು ಕುಂಠಿತರು. ಅತಿ ಸಿರಿವಂತ ಮನೆಗಳಲ್ಲಿ? ಅಲ್ಲೂ ಶೇ. 23. ದುಡ್ಡು ಬಂದರೆ ಅರ್ಧ ಇಳಿಯುತ್ತದೆ, ಇನ್ನರ್ಧ ದುಡ್ಡಿದ್ದ ಮನೆಯಲ್ಲೂ ಉಳಿಯುತ್ತದೆ. ತಾಯಿ ಶಾಲೆಗೇ ಹೋಗದವಳಾದರೆ ಶೇ. 46, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವಳಾದರೆ ಶೇ. 26.

ಇಲ್ಲಿ ಒಂದು ಎಚ್ಚರ ಬೇಕು. ಓದಿದ ತಾಯಂದಿರು ಸಾಮಾನ್ಯವಾಗಿ ಅನುಕೂಲಸ್ಥ ಮನೆಯವರೂ ಆಗಿರುತ್ತಾರೆ. ಹಾಗಾದರೆ ಕೆಲಸ ಮಾಡಿದ್ದು ಓದೋ ದುಡ್ಡೋ? ಈ ಗಂಟನ್ನು ಬಿಡಿಸಲು 2018ರಲ್ಲಿ ಪೂರ್ಣಿಮಾ ಮೆನನ್ ಮತ್ತು ಸಂಗಡಿಗರು ದೇಶದ ಜಿಲ್ಲೆಗಳ ಅಂಕಿ ಅಂಶಗಳನ್ನು ಹೋಲಿಸಿ ನೋಡಿದರು. ಮಕ್ಕಳು ಹೆಚ್ಚು ಕುಂಠಿತರಾಗಿರುವ ಜಿಲ್ಲೆಗೂ ಕಡಿಮೆ ಇರುವ ಜಿಲ್ಲೆಗೂ ಇರುವ ಅಂತರಕ್ಕೆ ಯಾವ ಕಾರಣದ ಪಾಲು ಎಷ್ಟು ಎಂಬುದು ಅವರ ಪ್ರಶ್ನೆ. ಎಲ್ಲಕ್ಕಿಂತ ದೊಡ್ಡ ಪಾಲು, ಶೇ. 19, ಹೆಂಗಸರು ತೆಳ್ಳಗಿರುವುದರದು, ಅಂದರೆ ಅವರ ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು. ಎರಡನೆಯದು ಹೆಂಗಸರ ಓದು, ಶೇ. 12. ಆಮೇಲೆ ಮಕ್ಕಳ ಊಟ ಶೇ. 9. ಮನೆಯ ಆಸ್ತಿಪಾಸ್ತಿ, ಬಯಲು ಶೌಚ, ಮದುವೆಯ ವಯಸ್ಸು ತಲಾ ಶೇ. 7. ಮುಂದೆ ಬಸುರಿಯ ತಪಾಸಣೆ, ಮನೆಮಂದಿಯ ಸಂಖ್ಯೆ. ಈ ಪಟ್ಟಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರಲ್ಲಿದ್ದ ಒಂದೊಂದು ಸಾಲೂ ನನ್ನ ತಂಗಿಯದೇ ಆಗಿತ್ತು.

ಈ ಕಾರಣಗಳು ಅಡುಗೆಮನೆಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದು ಇಲ್ಲಿರುವ ತಾಯಂದಿರಿಗೆ ಗೊತ್ತು. ಗಂಡಸರು ಉಂಡ ಮೇಲೆ ಮಕ್ಕಳು, ಅತ್ತೆ ಮಾವ ಉಂಡ ಮೇಲೆ ಸೊಸೆ. ಅಷ್ಟೊತ್ತಿಗೆ ರೊಟ್ಟಿ ಇರುತ್ತದೆ, ಬೇಳೆ ತಳ ಕಂಡಿರುತ್ತದೆ. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ ಎಂಬ ನಂಬಿಕೆ ಈಗಲೂ ಇದೆ. ಬಾಣಂತಿಗೆ ಸೊಪ್ಪು ಬೇಡ, ಕಾಯಿ ಬೇಡ ಎಂಬ ಪಥ್ಯ ಬೇರೆ. ದೇಶದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಅದು ಶೇ. 67. ತಾಯಿಯ ಮೈಯಲ್ಲಿ ಇಲ್ಲದ್ದು ಮಗುವಿಗೆ ಎಲ್ಲಿಂದ ಬರಬೇಕು?

ಆಮೇಲೆ ಆರನೇ ತಿಂಗಳು. ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ. ನಂತರ ಎದೆಹಾಲಿನ ಜೊತೆಗೆ ಗಟ್ಟಿ ಊಟ ಬೇಕು. ಕೂಸಿನ ಹೊಟ್ಟೆ ಸಣ್ಣದು, ತೆಳುವಾದ ಗಂಜಿಯಲ್ಲಿ ಅದು ನೀರಿನಿಂದಲೇ ತುಂಬಿಬಿಡುತ್ತದೆ. ನಮ್ಮಲ್ಲಿ ಏನು ಕಡಿಮೆ ಇದೆ? ಕಿವುಚಿದ ಅನ್ನ ಬೇಳೆಗೆ ಒಂದು ಚಮಚ ಎಣ್ಣೆ ಅಥವಾ ತುಪ್ಪ, ಹೆಸರುಬೇಳೆ, ಹುರಿದು ನುಣ್ಣಗೆ ಪುಡಿ ಮಾಡಿದ ಶೇಂಗಾ, ನುಗ್ಗೆ ಸೊಪ್ಪು, ತತ್ತಿ, ಮೊಸರು. ಮೊದಲು ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ. ಭೇದಿಯಾದರೆ ಓಆರ್‌ಎಸ್ ಕುಡಿಸಬೇಕು, ಊಟ ನಿಲ್ಲಿಸಬಾರದು. ಹೇಳಲು ಎಷ್ಟು ಸುಲಭ ನೋಡಿ. ಆದರೂ ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಬಗೆಬಗೆಯ ಊಟ, ಸಾಕಷ್ಟು ಸಲ ಸಿಗುವುದು ಶೇ. 11 ಮಕ್ಕಳಿಗೆ ಮಾತ್ರ. ಕೂಲಿಗೆ ಹೋಗುವ ತಾಯಿ ದಿನಕ್ಕೆ ನಾಲ್ಕು ಸಲ ಯಾವಾಗ ಉಣಿಸಬೇಕು? ತಿಳಿವಳಿಕೆ ಹೇಳುವಾಗ ಆಕೆಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರಕಾರಗಳು ಏನೂ ಮಾಡಿಲ್ಲ ಎಂದು ನಾನು ಹೇಳಲಾರೆ. 2013ರಲ್ಲಿ ಕ್ಷೀರಭಾಗ್ಯ ಬಂತು, 2017ರಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಬಂತು. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಿಂದಲೇ ಮೊಟ್ಟೆ ಕೊಡುವುದು ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಫಲವೂ ಇದೆ. 2015–16ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಬಡಕಲು ಮಕ್ಕಳು ಶೇ. 26 ಇದ್ದರು, ಐದು ವರ್ಷದಲ್ಲಿ ಅದು 19.5ಕ್ಕೆ ಇಳಿಯಿತು. ಆದರೆ ಕುಂಠಿತ ಬೆಳವಣಿಗೆ 36.2ರಿಂದ 35.4ಕ್ಕೆ ಬಂದಿದೆ ಅಷ್ಟೆ. ಬಡಕಲು ಮಗುವಿಗೆ ಉಣಿಸಿದರೆ ಮೈ ತುಂಬಿಕೊಳ್ಳುತ್ತದೆ. ಎತ್ತರದ ಲೆಕ್ಕ ಬೇರೆ. ಅದು ಗರ್ಭದಿಂದ ಎರಡನೇ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳಲ್ಲಿ ಬಹುಪಾಲು ಮುಗಿದಿರುತ್ತದೆ. ಆ ಸಾವಿರ ದಿನಕ್ಕೆ ಸಿದ್ಧತೆ ನಡೆಯುವುದು ಅದಕ್ಕೂ ಮೊದಲು, ತಾಯಿಯಾಗಲಿರುವ ಹುಡುಗಿ ಹೈಸ್ಕೂಲಿನಲ್ಲಿರುವ ವರ್ಷಗಳಲ್ಲಿ.

ಗೆಳೆಯರೊಬ್ಬರು ಕೇಳಿದರು, “ನೀನು ಸಾಫ್ಟ್‌ವೇರಿನವನು, ಇದಕ್ಕೊಂದು ಆ್ಯಪ್ ಮಾಡಬಾರದೇ?” ಆ್ಯಪ್ ಈಗಾಗಲೇ ಇದೆ. 2021ರಿಂದ ಅಂಗನವಾಡಿ ಕಾರ್ಯಕರ್ತೆಯರು ಪೋಷಣ್ ಟ್ರ್ಯಾಕರ್‌ನಲ್ಲಿ ಪ್ರತಿ ಮಗುವಿನ ತೂಕ, ಎತ್ತರ ದಾಖಲಿಸುತ್ತಿದ್ದಾರೆ. ಉಪಯುಕ್ತವಾದದ್ದೇ. ಆದರೆ ಆ್ಯಪ್ ತೂಕವನ್ನು ಬರೆದುಕೊಳ್ಳುತ್ತದೆ, ಹೆಚ್ಚಿಸುವುದಿಲ್ಲ. ಹೆಚ್ಚಿಸಬೇಕಾದವರು ನಾವು. ಹಾಗಾಗಿ ನನ್ನ ಕೋರಿಕೆಗಳನ್ನು ಇಲ್ಲಿಯೇ ಇಡುತ್ತೇನೆ.

ಹೆಣ್ಣುಮಕ್ಕಳೇ, ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಕಾಂಪೌಂಡಿನ ಆಚೆ ಎಸೆಯಬೇಡಿ. ನಮ್ಮ ಕಾಲದ ಮಾತ್ರೆಗಳು ಎಲ್ಲಿಗೆ ಹೋಗುತ್ತಿದ್ದವೆಂದು ನನಗೂ ಗೊತ್ತು. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮನೆಯಲ್ಲಿ ಕೊನೆಗೆ ಉಣ್ಣುವ ರೂಢಿಯನ್ನು ನಿಮ್ಮ ತಲೆಮಾರಿಗೆ ನಿಲ್ಲಿಸಿ.

ಗಂಡುಮಕ್ಕಳೇ, ನಿಮಗೆ ಅಕ್ಕ ತಂಗಿಯರಿದ್ದಾರೆ. ಅವರ ಓದು ಬಿಡಿಸುವ ಮಾತು ಮನೆಯಲ್ಲಿ ಬಂದ ದಿನ ನನ್ನಂತೆ ಸುಮ್ಮನಿರಬೇಡಿ. ಗಟ್ಟಿಯಾಗಿ ಹೇಳಲು ಭಯವಾದರೆ ನಿಮ್ಮ ಗುರುಗಳ ಹತ್ತಿರ ಮೆಲ್ಲಗೆ ಹೇಳಿ. ಬಾಲ್ಯವಿವಾಹವಾದರೆ 1098ಕ್ಕೆ ಫೋನ್ ಮಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ.

ಗುರುಗಳೇ, ಒಂದು ಹುಡುಗಿ ವಾರಕ್ಕಿಂತ ಹೆಚ್ಚು ಬರದಿದ್ದರೆ ದಯವಿಟ್ಟು ಮನೆಗೊಮ್ಮೆ ಹೋಗಿ ಬನ್ನಿ. 2007ರಲ್ಲಿ ನಮ್ಮ ಮನೆಗೆ ಒಬ್ಬರು ಮೇಷ್ಟ್ರು ಬಂದಿದ್ದರು, ಚಹಾ ಕುಡಿದು ಒಂದು ಗಂಟೆ ಅಪ್ಪನ ಜೊತೆ ಮಾತನಾಡಿದರು. ಆ ದಿನ ನಾನು ಅವರ ಪರವಾಗಿ ಒಂದೇ ಒಂದು ಮಾತು ಸೇರಿಸಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಅವರು ಈ ಸಭೆಯಲ್ಲಿದ್ದಾರೆ. ಅವರ ಪಾದಕ್ಕೆ ನಮಸ್ಕಾರ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿಗಳೇ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಮಾನು ಕಟ್ಟಿಸಬೇಕೆಂದು ಹಣ ಕೂಡಿಸುತ್ತಿದ್ದೇವೆ. ನಾನೂ ಕೊಟ್ಟಿದ್ದೇನೆ. ಕಮಾನು ಬೇಡ ಎನ್ನುವುದಿಲ್ಲ. ಆದರೆ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಗೆ ಪಿಯು ಕಾಲೇಜು ಹದಿನಾಲ್ಕು ಕಿಲೋಮೀಟರ್ ದೂರ. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸಿನ ಟಿಕೆಟ್ ಉಚಿತ. ಕಾಲೇಜು ಬಿಡುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಆ ಉಚಿತ ಟಿಕೆಟ್ ಏನು ಮಾಡೀತು? ಕತ್ತಲಾದ ಮೇಲೆ ಮಗಳು ರಸ್ತೆಯಲ್ಲಿ ಕಾಯುವುದು ಬೇಡವೆಂದು ತಂದೆ ತಾಯಿ ಓದು ಬಿಡಿಸುತ್ತಾರೆ, ಮನೆಯಲ್ಲಿ ಕುಳಿತ ಮಗಳಿಗೆ ಗಂಡು ಹುಡುಕುತ್ತಾರೆ. ಸಂಜೆಯ ಒಂದು ಬಸ್ಸಿಗಾಗಿ ನಾವೆಲ್ಲ ಸಹಿ ಹಾಕಿ ಅರ್ಜಿ ಕೊಡೋಣ. ಬಸ್ಸು ಬರುವವರೆಗೆ ಕಮಾನಿನ ಹಣದಲ್ಲಿ ಒಂದು ಪಾಲು ತೆಗೆದು ಒಂದು ಟಂಟಂ ಗೊತ್ತು ಮಾಡೋಣ. ಅರ್ಜಿ ಬರೆದು ತಂದಿದ್ದೇನೆ, ಊಟದ ಪೆಂಡಾಲಿನ ಬಾಗಿಲಲ್ಲಿ ಇಟ್ಟಿರುತ್ತೇನೆ. ಸಹಿ ಹಾಕಿಯೇ ಕೈ ತೊಳೆಯಿರಿ.

ಒಬ್ಬ ಹುಡುಗಿ ಇನ್ನೆರಡು ವರ್ಷ ಓದಿದರೆ ಅವಳ ಮದುವೆ ಮುಂದೆ ಹೋಗುತ್ತದೆ. ಅವಳ ಮೈ ಗಟ್ಟಿಯಾಗುತ್ತದೆ. ತಾಯಿ ಕಾರ್ಡಿನಲ್ಲಿ ಬರೆದಿದ್ದನ್ನು ಅವಳೇ ಓದಿಕೊಳ್ಳುತ್ತಾಳೆ. ಹತ್ತು ವರ್ಷದ ನಂತರ ಯಾವುದೋ ಊರಿನ ಅಂಗನವಾಡಿಯಲ್ಲಿ ಅವಳ ಕೂಸಿನ ತೋಳಿಗೆ ಪಟ್ಟಿ ಸುತ್ತಿದಾಗ ಹಸಿರು ಬರುತ್ತದೆ. ಅದು ಯಾವ ಶಾಲೆಯಿಂದ ಬಂತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ನಮಗೆ ಗೊತ್ತಿದ್ದರೆ ಸಾಕು.